ಮೈನಾಕವೂ ಉಜ್ಜಯಿನಿಯೂ

ದೂತನಾಗಿ ಹೊರಟವನು ದಾರಿಯಲ್ಲಿ ನಿಂತು ಅತ್ತಿತ್ತ ನೋಡಬಹುದೇ? ನಮ್ಮ ಕವಿಗಳು ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಿರುತ್ತಾರೆ. ರಾಮಕಾರ್ಯಕ್ಕಾಗಿ ಸಮುದ್ರವನ್ನು ಲಂಘಿಸುತ್ತಿದ್ದ ಹನುಮಂತನ ಮುಂದೆ ಮೈನಾಕಪರ್ವತವು ನೀರಿನಿಂದ ಮೇಲಕ್ಕೆದ್ದು ಬಂದು, ತನ್ನ ಶಿಖರದ ಮೇಲೆ ಕ್ಷಣಕಾಲ ದಣಿವಾರಿಸಿಕೊಂಡು ಹೋಗಬೇಕೆಂದು ಬೇಡಿಕೊಂಡಿತು. ಆತನು ಅದನ್ನು ಕೈಯಿಂದ ಮುಟ್ಟಿ ಮನ್ನಿಸಿದನೇ ಹೊರತು ನಿಲ್ಲಲಿಲ್ಲ. ಹೊತ್ತು ಮೀರುವುದೆಂದೂ ನಡುವೆ ನಿಲ್ಲುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿಯೂ ಹೇಳಿ ಮುಂದಕ್ಕೆ ಹಾರಿದನು. ಕಾಳಿದಾಸನ ಯಕ್ಷನಾದರೋ ತನ್ನ ದೂತನಾದ ಮೇಘಕ್ಕೆ ಬೇರೊಂದು ಕಟ್ಟಳೆಯನ್ನೇ ಮಾಡಿದನು. ಅಲಕೆಗೆ ಹೋಗುವ ದಾರಿಗೆ ಉಜ್ಜಯಿನಿಯು ಸೊಟ್ಟವಾಗುತ್ತದೆ. ಆದರೂ ಬಳಸಿಕೊಂಡು ಹೋಗಿ ಆ ನಗರವನ್ನು ನೋಡು, ಮಹಾಕಾಲನ ಸಂಧ್ಯಾಪೂಜೆಯ ಹೊತ್ತಿಗೆ ಅಲ್ಲಿರು, ಬಳಲಿದಾಗ ಬೆಟ್ಟಗಳ ತಲೆಯ ಮೇಲೆ ಕುಳಿತುಕೊ, ಬಡವಾದಾಗ ಹೊಳೆಗಳ ನೀರನ್ನು ಕುಡಿ ಎಂದು ಉಪದೇಶಿಸಿದನು. ಅತ್ತ ಮನೆಯಲ್ಲಿ ಹೆಂಡತಿಯು ದಿನವೆಣಿಸುತ್ತಿರುವಳೆಂಬುದನ್ನು ಬಲ್ಲವನೇ ಹೀಗೆ ಹೇಳಿದನೆಂಬುದು ಗಮನಿಸತಕ್ಕ ಸಂಗತಿಯಾಗಿದೆ.

ಈ ಎರಡು ಕಟ್ಟಳೆಗಳೂ ಒಂದೇ ಸಂಸ್ಥೆಯಲ್ಲಿ ಇಂದು ಆಚರಣೆಯಲ್ಲಿರುವುದನ್ನು ವಾಚಕರಿಗೆ ತಿಳಿಸಬೇಕೆಂದು ನಮ್ಮ ಇಚ್ಛೆ. ಮಿಷನರಿ ಎಂಬ ಮಾತಿನ ಮೂಲಾರ್ಥವೂ 'ಕಳುಹಿಸಲ್ಪಟ್ಟವನು', ಎಂದರೆ ದೂತನೆಂದೇ. ಕನ್ನಡನಾಡಿನಲ್ಲಿ ಆ ಹೆಸರನ್ನು ಕೇಳಿದೊಡನೆ ನೆನಪಿಗೆ ಬರತಕ್ಕವರು 1836ರಲ್ಲಿ ಬಂದ ಮೋಗ್ಲಿಂಗರು, 1853ರಲ್ಲಿ ಬಂದ ಕಿಟ್ಟೆಲರು. ಇವರೆಲ್ಲ ಇಪ್ಪತ್ತು ಇಪ್ಪತ್ತೈದರ ಹರೆಯದಲ್ಲಿ ಕಡಲು ದಾಟಿ, ಪರದೇಶದ ದುಡಿಮೆಯಲ್ಲಿಯೇ ತಮ್ಮ ಯೌವನವನ್ನು ಸವೆಸಿದವರು. ತಲೆ ನರೆತ ಮೇಲೆ, ಮೊಮ್ಮಕ್ಕಳನ್ನು ಕಂಡ ಮೇಲೆ, ಗಂಡಹೆಂಡಿರಿಬ್ಬರೂ ಕೂಡಿ ಮೊದಲ ಸಲ ಪರದೇಶಕ್ಕೆ ದೂತರಾಗಿ ಹೊರಡುವುದೆಂದರೆ ನಮ್ಮವರಿಗೆ ಸೋಜಿಗವಾಗಿ ತೋರಬಹುದು. ಅಮೆರಿಕದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಪಂಥದಲ್ಲಿ ಇದು ರೂಢಿಯಾಗಿರುತ್ತದೆ. ಲೋಕವು ಇವರನ್ನು ಮಾರ್ಮನರೆಂದು ಕರೆಯುತ್ತ ಬಂದಿದೆ. ಪಂಥವು 1830ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಹುಟ್ಟಿತು. ಯೂಟಾ ಪ್ರಾಂತದ ಸಾಲ್ಟ್ ಲೇಕ್ ನಗರವು ಅದರ ಮುಖ್ಯಸ್ಥಾನ.

ಇವರಲ್ಲಿ ಕಿರಿಯ ದೂತರಿಗೆ ಹನುಮಂತನ ಕಟ್ಟಳೆ. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ, ಹೆಣ್ಣುಮಕ್ಕಳು ಒಂದೂವರೆ ವರ್ಷ, ಕಳುಹಿಸಿದ ಕಡೆಗೆ ಹೋಗಬೇಕು. ಏಳುವ ಹೊತ್ತು, ಮಲಗುವ ಹೊತ್ತು, ಓದುವ ಹೊತ್ತು ಎಲ್ಲವೂ ನಿಯತ. ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲಿಯೂ ಹೋಗುವಂತಿಲ್ಲ. 2019ಕ್ಕೆ ಮುಂಚೆ ತಾಯಿತಂದೆಗಳೊಡನೆ ಮಾತನಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿದ್ದಿತು. ಆ ವರ್ಷದಿಂದ ವಾರಕ್ಕೊಮ್ಮೆ ಆಯಿತು. ವಾರದಲ್ಲಿ ಒಂದು 'ಸಿದ್ಧತೆಯ ದಿನ' ಅವರಿಗುಂಟು. ಅಂದು ಬಟ್ಟೆ ಒಗೆದು, ಸಾಮಾನು ಕೊಂಡು, ಕಾಗದ ಬರೆದು, ಉಳಿದ ಹೊತ್ತಿನಲ್ಲಿ ಊರು ನೋಡಿದರೆ ನೋಡಿದರು. ಆ ಮಕ್ಕಳಿಗೆ ಮಧುವನವು ಸೀತೆಯನ್ನು ಕಂಡುಬಂದ ಮೇಲೆಯೇ.

ಹಿರಿಯ ದಂಪತಿಗಳಿಗಾದರೋ ಯಕ್ಷನ ಕಟ್ಟಳೆ. ಮಕ್ಕಳ ಹೊಣೆ ಕಳೆದ ದಂಪತಿಗಳು ಆರು, ಹನ್ನೆರಡು, ಹದಿನೆಂಟು ಅಥವಾ ಇಪ್ಪತ್ತಮೂರು ತಿಂಗಳ ಅವಧಿಗೆ ತಾವಾಗಿಯೇ ಮುಂದೆ ಬರುತ್ತಾರೆ. ಯಾವ ಬಗೆಯ ಕೆಲಸ, ಯಾವ ಸೀಮೆ ಎಂದು ತಮ್ಮ ಇಷ್ಟವನ್ನು ತಿಳಿಸಬಹುದು, ಗೊತ್ತುಪಡಿಸುವವರು ಮಾತ್ರ ಮೇಲಿನವರು. ಮನೆಮನೆಯ ಬಾಗಿಲನ್ನು ತಟ್ಟಬೇಕೆಂಬ ನಿರ್ಬಂಧವಿಲ್ಲ. ಕಛೇರಿಯ ಲೆಕ್ಕ, ದೇವಾಲಯದ ಪರಿಚರ್ಯೆ, ಬಡವರಿಗೆ ನೆರವು, ಹುಡುಗ ದೂತರ ಆರೋಗ್ಯದ ಮೇಲ್ವಿಚಾರಣೆ, ವಂಶಾವಳಿಗಳ ಸಂಗ್ರಹ ಇಂಥವು ಅವರ ಪಾಲಿಗೆ ಬರುತ್ತವೆ. ಈ ಪಂಥದವರು ಗತಿಸಿದ ಪಿತೃಗಳ ಹೆಸರುಗಳನ್ನು ಹುಡುಕಿ ತೆಗೆದು ಅವರ ಸದ್ಗತಿಗಾಗಿ ದೇವಾಲಯದಲ್ಲಿ ಕರ್ಮಗಳನ್ನು ನಡೆಸುತ್ತಾರೆಂಬುದನ್ನು ಕೇಳಿದರೆ, ತಿಲತರ್ಪಣ ಬಿಡುವ ನಮ್ಮ ವಾಚಕರಿಗೆ ಅದು ತೀರ ಅಪರಿಚಿತವೆಂದು ತೋರಲಾರದು. ಒಬ್ಬನ ಮತವನ್ನು ಬಿಡಿಸಿ ಇನ್ನೊಂದನ್ನು ಹಿಡಿಸುವ ಉದ್ಯೋಗದಲ್ಲಿ ನಮಗೆ ಉತ್ಸಾಹವಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಇಂದಿನ ನಮ್ಮ ವಿಚಾರವು ಅದಲ್ಲ.

ಒಂದು ನಾಡನ್ನು ಎದುರಿಗಿಟ್ಟುಕೊಂಡು ನೋಡೋಣ. ನ್ಯೂಜಿಲೆಂಡಿನ ಉತ್ತರದ್ವೀಪದಲ್ಲಿ ಹ್ಯಾಮಿಲ್ಟನ್ ಎಂಬ ಪಟ್ಟಣವುಂಟು. ಅದರ ಬಳಿ ಈ ಪಂಥದವರ ದೇವಾಲಯವು 1958ರಲ್ಲಿ ಪ್ರತಿಷ್ಠೆಯಾಯಿತು. ಭೂಗೋಳದ ದಕ್ಷಿಣಾರ್ಧದಲ್ಲಿ ಅದೇ ಅವರ ಮೊದಲನೆಯ ದೇವಾಲಯ. ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು ಅದನ್ನು ಕಟ್ಟಿದರು. ಬಹುದಿನಗಳ ಜೀರ್ಣೋದ್ಧಾರದ ತರುವಾಯ 2022ರಲ್ಲಿ ಪುನಃಪ್ರತಿಷ್ಠೆಯಾಗಿದೆ. ಇಂಥ ಸ್ಥಳದಲ್ಲಿ ಸೇವೆಗೆ ನಿಂತ ದಂಪತಿಗಳಿಗೆ ಬಿಡುವಿನ ದಿನ ಒದಗಿದರೆ, ಅಲ್ಪದೂರದ ದಾರಿಯಲ್ಲಿಯೇ ನೋಡತಕ್ಕದ್ದು ಎಷ್ಟೆಂಬುದನ್ನು ಊಹಿಸಬೇಕು.

ದಕ್ಷಿಣಕ್ಕೆ ಹೆಚ್ಚುಕಡಮೆ ಒಂದು ಗಂಟೆಯ ಕಾರುಪ್ರಯಾಣದಲ್ಲಿ ವೈಟೊಮೊ ಗವಿಗಳಿವೆ. ಮಾವೊರಿ ಭಾಷೆಯಲ್ಲಿ 'ವೈ' ಎಂದರೆ ನೀರು, 'ಟೊಮೊ' ಎಂದರೆ ಬಿಲ. 1887ರಲ್ಲಿ ಟಾನೆ ಟಿನೊರೌ ಎಂಬ ಮಾವೊರಿ ನಾಯಕನೂ ಫ್ರೆಡ್ ಮೇಸ್ ಎಂಬ ಆಂಗ್ಲ ಮೋಜಣಿದಾರನೂ ತೆಪ್ಪವೇರಿ, ಕೈದೀಪ ಹಿಡಿದು ಒಳಹೊಕ್ಕು ನೋಡಿದರು. ಮುಂದೆ ಸರ್ಕಾರವು ಗವಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1989ರಲ್ಲಿ ಅದು ಆ ನಾಯಕನ ವಂಶಸ್ಥರಿಗೆ ಮರಳಿ ಬಂದಿತು. ಒಳಗೆ ದೋಣಿಯಲ್ಲಿ ಕುಳಿತು ಸದ್ದಿಲ್ಲದೆ ಸಾಗಬೇಕು. ಮೇಲೆ ನೋಡಿದರೆ ಕಲ್ಲಿನ ಚಾವಣಿಯೆಲ್ಲ ನಕ್ಷತ್ರಮಯ. ನೀಲಿಹಸುರು ಬಣ್ಣದ ಸಾವಿರಾರು ಚುಕ್ಕೆಗಳು. ಇವು ನಮ್ಮ ಬೇಲಿಗಳ ಮೇಲೆ ಹಾರಾಡುವ ಮಿಂಚುಹುಳುಗಳ ಜಾತಿಯಲ್ಲ. ಗುಂಗುರಿನಂಥ ಒಂದು ನೊಣದ ಮರಿಹುಳು ಚಾವಣಿಗೆ ಅಂಟಿಕೊಂಡು, ಅಂಟುಹನಿಗಳನ್ನು ಮುತ್ತಿನಂತೆ ಪೋಣಿಸಿದ ನೂಲುಗಳನ್ನು ಕೆಳಗೆ ಇಳಿಬಿಟ್ಟು, ಬೆಳಕು ತೋರಿ, ಆ ಬೆಳಕಿಗೆ ಮರುಳಾಗಿ ಬಂದ ಕ್ರಿಮಿಗಳನ್ನು ನೂಲಿನಲ್ಲಿ ಸಿಕ್ಕಿಸಿ ತಿನ್ನುತ್ತದೆ. ಹೊಟ್ಟೆ ಹಸಿದಷ್ಟೂ ಅದರ ಬೆಳಕು ಹೆಚ್ಚು. ಕೆಳಗಿನಿಂದ ನೋಡುವವರಿಗೆ ವೈಕುಂಠ, ಹಾರಿ ಬಂದವಕ್ಕೆ ಬಲೆ. ಉಪದೇಶದ ವೃತ್ತಿಯವರು, ನಮ್ಮಂಥ ಮೇಷ್ಟರುಗಳೂ ಸೇರಿದಂತೆ, ಆ ದೋಣಿಯಲ್ಲಿ ಒಮ್ಮೆ ಕುಳಿತು ಬರುವುದು ಒಳ್ಳೆಯದು.

ಪೂರ್ವದಲ್ಲಿ ರೋಟೊರುವ. ಅಲ್ಲಿ ನೆಲವೇ ಕುದಿಯುತ್ತದೆ. ಗಂಧಕದ ನಾತ ಊರೆಲ್ಲ ತುಂಬಿರುತ್ತದೆ. ಪೊಹುಟು ಎಂಬ ಬಿಸಿನೀರಿನ ಬುಗ್ಗೆಯು ಮೂವತ್ತು ಮೀಟರಿನವರೆಗೂ ಚಿಮ್ಮುವುದುಂಟು. ಮಾವೊರಿ ಗೃಹಿಣಿಯರು ಆ ಭೂಗರ್ಭದ ಹಬೆಯಲ್ಲಿಯೇ ಅಡುಗೆ ಬೇಯಿಸುತ್ತ ಬಂದಿದ್ದಾರೆ. ಇಡ್ಲಿ ಬೇಯಿಸುವ ನಮ್ಮ ಸೋದರಿಯರು ಇದನ್ನು ಕೇಳಿ ಅಸೂಯೆ ಪಡಬಹುದು. ಆದರೆ ಆ ಒಲೆಯ ಒಡೆಯನು ಸಾಧುವಲ್ಲ. 1886ನೆಯ ಜೂನ್ 10ರ ಇರುಳು ಸಮೀಪದ ಟರವೇರ ಪರ್ವತವು ಬಿರಿದು ಬೆಂಕಿಯನ್ನೂ ಕೆಸರನ್ನೂ ಕಾರಿತು. ನೂರಕ್ಕೂ ಹೆಚ್ಚು ಜನ ಮಡಿದರು. ಲೋಕವೆಲ್ಲ ನೋಡಲು ಬರುತ್ತಿದ್ದ ಬಿಳಿಯ ಮತ್ತು ಗುಲಾಬಿ ಬಣ್ಣದ ಶಿಲಾಸೋಪಾನಗಳು ಕಣ್ಮರೆಯಾದುವು.

ಇನ್ನು ಆಕಾಶ. ಯೂಟಾದಂಥ ಉತ್ತರದೇಶದಿಂದ ಬಂದ ವೃದ್ಧದಂಪತಿಗಳು ಮೊದಲ ರಾತ್ರಿ ಅಂಗಳಕ್ಕೆ ಬಂದು ನಿಂತರೆ ತಲೆಕೆಳಗಾದ ಲೋಕವನ್ನು ಕಾಣುತ್ತಾರೆ. ಧ್ರುವನಿಲ್ಲ, ಅವನು ದಿಗಂತದ ಕೆಳಗೆ ಅಡಗಿರುತ್ತಾನೆ. ಬೇಟೆಗಾರನೆಂದು ಅವರು ಕರೆಯುವ, ಮೃಗಶಿರವನ್ನೊಳಗೊಂಡ ತಾರಾಪುಂಜವು ಕಾಲು ಮೇಲಾಗಿ ನಿಂತಿರುತ್ತದೆ. ಚಂದ್ರನ ಮುಖದ ಕಲೆಯೂ ಬುಡಮೇಲು. ಕ್ರಿಸ್ಮಸ್ ಹಬ್ಬವು ಕಡುಬೇಸಗೆಯಲ್ಲಿ. ಇದಕ್ಕೆ ಪ್ರತಿಯಾಗಿ ದಕ್ಷಿಣದಲ್ಲಿ ಒಂದು ಶಿಲುಬೆಯಾಕಾರದ ಪುಂಜವು ಎಂದಿಗೂ ಅಸ್ತಮಿಸದೆ ಸುತ್ತುತ್ತಿರುತ್ತದೆ. ನಮ್ಮವರು ಅದನ್ನೇ ತ್ರಿಶಂಕುವೆನ್ನುತ್ತಾರೆ. ಸ್ವರ್ಗಕ್ಕೂ ಸೇರದೆ ಭೂಮಿಗೂ ಬೀಳದೆ ವಿಶ್ವಾಮಿತ್ರನ ಮಾತಿನಿಂದ ತಲೆಕೆಳಗಾಗಿ ನಿಂತ ಆ ಅರಸನಷ್ಟು ಪರದೇಶವಾಸಿಗಳಿಗೆ ಹೊಂದತಕ್ಕ ನಕ್ಷತ್ರ ಬೇರಾವುದಿದೆ? ಕನ್ನಡನಾಡಿನಿಂದಲೂ ಏಪ್ರಿಲ್ ಮೇ ತಿಂಗಳುಗಳ ರಾತ್ರಿ ಇವನು ದಕ್ಷಿಣದಿಗಂತದ ಮೇಲೆ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುತ್ತಾನೆ.

ಇಷ್ಟಾದರೂ ಇದೆಲ್ಲ ಬರಿಯ ವಿನೋದವಲ್ಲವೆ, ದೇವರ ಕೆಲಸವೆಂದು ಹೇಳಿ ಬಂದವರಿಗೆ ಇದು ತಕ್ಕುದೇ ಎಂದು ಕೇಳುವವರುಂಟು. ಮೊದಲು ಹಣದ ಮಾತು. ಈ ದಂಪತಿಗಳಿಗೆ ಸಂಬಳವಿಲ್ಲ. ತಮ್ಮ ಉಳಿತಾಯದಿಂದ ತಾವೇ ಖರ್ಚು ನಡೆಸುತ್ತಾರೆ. ಪರದೇಶದ ಬಾಡಿಗೆಯು ದುರ್ಭರವಾಗಿ ಕಂಡುದರಿಂದ 2011ರಲ್ಲಿ ವಸತಿಗಾಗಿ ದಂಪತಿಗಳು ತಿಂಗಳಿಗೆ 1400 ಡಾಲರಿಗಿಂತ ಹೆಚ್ಚು ತೆರಬೇಕಾಗಿಲ್ಲವೆಂದೂ ಮಿಕ್ಕುದನ್ನು ಪಂಥವೇ ಭರಿಸುವುದೆಂದೂ ಗೊತ್ತುಮಾಡಿದರು. ಗವಿ ನೋಡಿದ ದುಡ್ಡು ಅವರ ಸ್ವಂತದ್ದು. ಹಣಕ್ಕಿಂತ ಹಿರಿದಾದ ವೆಚ್ಚವು ಬೇರೆಯುಂಟು. ಆ ಒಂದೆರಡು ವರ್ಷಗಳಲ್ಲಿ ಊರಿನಲ್ಲಿ ಮೊಮ್ಮಗು ಹುಟ್ಟುತ್ತದೆ, ನಡೆಯಲು ಕಲಿಯುತ್ತದೆ, ಒಡಹುಟ್ಟಿದವರು ತೀರಿಕೊಳ್ಳುತ್ತಾರೆ. ಅಗತ್ಯಬಿದ್ದರೆ ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿಬರಲು ಅವಕಾಶವುಂಟೆಂಬುದು ನಿಜ. ಎಲ್ಲಕ್ಕೂ ಹೋಗಿಬರಲು ಯಾರಿಂದಾದೀತು? ಅರವತ್ತೈದರ ಮೊಣಕಾಲನ್ನು ಹೊತ್ತುಕೊಂಡು ಅಪರಿಚಿತ ಊರಿನ ವೈದ್ಯನ ಬಾಗಿಲಲ್ಲಿ ಕುಳಿತುಕೊಳ್ಳುವುದೂ ಆ ವೆಚ್ಚದಲ್ಲಿಯೇ ಸೇರಿದೆ. ಇಷ್ಟನ್ನು ತೆತ್ತವರು ಬಿಡುವಿನ ದಿನ ಬುಗ್ಗೆಯೆದುರು ನಿಂತು ಬೆರಗಾದರೆ ಅವರನ್ನು ವಿಲಾಸಿಗಳೆನ್ನುವುದು ನಮ್ಮಿಂದಾಗದು.

ಅದೂ ಅಲ್ಲದೆ, ನೋಡುವುದು ಬೇರೆ, ಸೇವೆಯು ಬೇರೆ ಎಂಬ ಮಾತನ್ನೇ ನಾವು ಒಪ್ಪುವುದಿಲ್ಲ. ಮಾವೊರಿ ಜನರು ಸಭೆಯಲ್ಲಿ ತಮ್ಮ ಪರಿಚಯವನ್ನು ಹೇಳಿಕೊಳ್ಳುವಾಗ ಮೊದಲು ತಮ್ಮ ಪರ್ವತದ ಹೆಸರು, ಬಳಿಕ ನದಿಯ ಹೆಸರು, ಪೂರ್ವಿಕರು ಬಂದ ದೋಣಿಯ ಹೆಸರು, ಕುಲದ ಹೆಸರು, ಇವುಗಳನ್ನು ಹೇಳಿ ಕೊನೆಯಲ್ಲಿ ತಮ್ಮ ಹೆಸರನ್ನು ಹೇಳುವ ಸಂಪ್ರದಾಯವುಂಟು. ಪ್ರವರ, ಗೋತ್ರ, ಸೂತ್ರ, ಶಾಖೆಗಳನ್ನು ಹೇಳಿ ಕಡೆಗೆ ತನ್ನ ಹೆಸರು ಹೇಳಿ ನಮಸ್ಕರಿಸುವ ನಮ್ಮ ಅಭಿವಾದನದ ಕ್ರಮವು ಇದಕ್ಕೆಷ್ಟು ಸಮೀಪ! ಇಂಥ ಜನರ ನಡುವೆ ಇರತಕ್ಕವನು ಪರ್ವತವನ್ನು ನೋಡದೆ ಮನುಷ್ಯನನ್ನು ಅರಿಯುವುದು ಹೇಗೆ? ಟೊಂಗರಿರೊ ಮುಂತಾದ ಶಿಖರಗಳು ಟುವರೆಟೋವ ಕುಲದವರಿಗೆ ಪವಿತ್ರ. ಬಿಳಿಯರ ಕಾಯಿದೆಯಿಂದ ನೆಲವು ತುಂಡುತುಂಡಾಗಿ ಮಾರಾಟವಾಗುವುದನ್ನು ಕಂಡು, ಆ ಕುಲದ ನಾಯಕನಾದ ಹೊರೊನುಕು ಟೆ ಹೆಯುಹೆಯು ಎಂಬಾತನು 1887ರಲ್ಲಿ ಶಿಖರಗಳನ್ನು ರಾಷ್ಟ್ರಕ್ಕೆ ದಾನವಾಗಿ ಒಪ್ಪಿಸಿದನು. ಅದರಿಂದಲೇ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವು ಹುಟ್ಟಿತು. ಆ ಬೆಟ್ಟದ ಬುಡದಲ್ಲಿ ನಿಂತು ಛಾಯಾಚಿತ್ರ ತೆಗೆದುಕೊಳ್ಳುವ ಯಾತ್ರಿಕನು ಒಂದು ಕುಲದ ದೇವರಗುಡಿಯ ಬಾಗಿಲಲ್ಲಿ ನಿಂತಿರುತ್ತಾನೆ. 2017ರಲ್ಲಿ ಅಲ್ಲಿಯ ಶಾಸನವು ವಾಂಗನುಯಿ ನದಿಗೆ ವ್ಯಕ್ತಿಯ ಹಕ್ಕುಗಳನ್ನು ಕೊಟ್ಟಿತು. 2025ರಲ್ಲಿ ಟರನಾಕಿ ಪರ್ವತಕ್ಕೂ ಅದು ದೊರೆಯಿತು. ಅದೇ 2017ರ ಮಾರ್ಚಿಯಲ್ಲಿ ನಮ್ಮ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗಾಯಮುನೆಗಳನ್ನು ಜೀವಂತ ವ್ಯಕ್ತಿಗಳೆಂದು ಸಾರಿತೆಂಬುದೂ, ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಡೆಹಿಡಿಯಿತೆಂಬುದೂ ವಾಚಕರಿಗೆ ನೆನಪಿರಬಹುದು. ಹೇಳಲು ಬಂದವರು ಬಿಡುವಿನ ದಿನ ಬೆಟ್ಟ ನೋಡಲು ಹೋಗಿ ಕೇಳಲು ಕಲಿತರೆ ಲಾಭವು ಎರಡು ಕಡೆಗೂ ಉಂಟು.

ನಮಗೆ ಎಲ್ಲಕ್ಕಿಂತ ಹಿಡಿಸಿದುದು ಇಬ್ಬರೂ ಕೂಡಿ ಹೋಗುವುದೆಂಬ ಅಂಶ. ಮುಖದಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಗನ ಮಗ ಈ ಮೂರನ್ನು ಕಂಡ ಗೃಹಸ್ಥನು ಹೆಂಡತಿಯನ್ನು ಮಕ್ಕಳಿಗೊಪ್ಪಿಸಿ ಇಲ್ಲವೆ ಜೊತೆಯಲ್ಲಿ ಕರೆದುಕೊಂಡು ವನಕ್ಕೆ ಹೋಗಬಹುದೆಂದು ಮನುಸ್ಮೃತಿಯು ಹೇಳುತ್ತದೆ. ಎರಡು ಪಕ್ಷಗಳಲ್ಲಿ ಎರಡನೆಯದು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಗ್ರಂಥದಲ್ಲಿಯೇ ಉಳಿಯಿತು. ಅರವತ್ತರ ಮೇಲೆ ತಾಯಿಯು ಒಬ್ಬ ಮಗನ ಮನೆಯಲ್ಲಿ, ತಂದೆಯು ಇನ್ನೊಬ್ಬನ ಮನೆಯಲ್ಲಿ ಇರುವ ಸಂಸಾರಗಳನ್ನು ಯಾರು ಕಂಡಿಲ್ಲ? ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರು ಒಬ್ಬರೊಡನೊಬ್ಬರು ನಿಶ್ಚಿಂತೆಯಾಗಿ ಕುಳಿತು ಒಂದು ಸೂರ್ಯಾಸ್ತವನ್ನು ನೋಡಿರುವುದಿಲ್ಲ. ಆತನಿಗೆ ಕಛೇರಿ, ಆಕೆಗೆ ಅಡುಗೆಮನೆ. ತೀರ್ಥಯಾತ್ರೆಗೆ ಹೋದರೂ ಆಕೆಯ ಪಾಲಿಗೆ ಬುತ್ತಿಯ ಗಂಟು, ಮಡಿಬಟ್ಟೆ, ಎಲ್ಲರ ಮಾತ್ರೆಗಳ ಡಬ್ಬಿ. ಅತ್ತ ಆ ದಂಪತಿಗಳಾದರೋ ದೂತರೆಂಬ ಹೆಸರಿನಲ್ಲಿ ಸರಿಸಮರು. ಆತನಿಗೆ 'ಎಲ್ಡರ್' ಎಂಬ ಬಿರುದಾದರೆ ಆಕೆಗೆ 'ಸಿಸ್ಟರ್' ಎಂಬುದು. ಇಬ್ಬರ ಎದೆಯ ಮೇಲೂ ಹೆಸರಿನ ಫಲಕ. ಆ ನಾಡಿನ ಕಿವಿ ಹಕ್ಕಿಯ ಒಂದು ಜಾತಿಯಲ್ಲಿ ಹೆಣ್ಣು ತನ್ನ ಮೈತೂಕದ ಐದರಲ್ಲೊಂದು ಪಾಲಿನಷ್ಟು ದೊಡ್ಡ ಮೊಟ್ಟೆಯನ್ನಿಟ್ಟು ಎದ್ದುಹೋಗುತ್ತದೆ, ಎರಡು ತಿಂಗಳಿಗೂ ಮೀರಿ ಕಾವು ಕೊಡುವುದು ಗಂಡು. ಇದನ್ನು ಇಲ್ಲಿ ಏಕೆ ಬರೆದೆವೆಂದು ಗಂಡಸರು ಕೇಳಬಾರದು.

ನಮ್ಮಲ್ಲಿಯೂ ಹಿರಿಯ ದೂತರಿಲ್ಲವೆ? ಮಗಳ ಬಾಣಂತನಕ್ಕೆಂದು, ಸೊಸೆಗೆ ರಜೆ ತೀರಿತೆಂದು ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಹೋಗುವ ಕನ್ನಡದ ಅಜ್ಜ ಅಜ್ಜಿಯರು ಸಾವಿರಗಟ್ಟಲೆ. ಅವರದೂ ಆರು ತಿಂಗಳ ಸೇವೆಯೇ; ಸಂಬಳವಿಲ್ಲ, ಭಾಷೆಯ ತೊಡಕು, ಮೊಣಕಾಲಿನ ನೋವು ಎಲ್ಲವೂ ಸಮಾನ. ವ್ಯತ್ಯಾಸವಿಷ್ಟೆ: ಇವರಿಗೆ ವಾರದಲ್ಲಿ ಬಿಡುವಿನ ದಿನವೆಂಬುದು ಗೊತ್ತಾಗಿಲ್ಲ. ಅಜ್ಜಿಯು ಅಂಟಿನುಂಡೆ ಕಟ್ಟುತ್ತ, ಮಗುವಿಗೆ ಎಣ್ಣೆ ನೀರೆರೆಯುತ್ತ, ಕಿಟಕಿಯ ಗಾಜಿನಾಚೆ ಹಿಮ ಬೀಳುವುದನ್ನು ನೋಡಿ ಬರುತ್ತಾಳೆ. ಎಷ್ಟೋ ವೇಳೆ ಆಕೆಯೊಬ್ಬಳೇ ಹೋಗಿರುತ್ತಾಳೆ, ಅಜ್ಜನು ಇತ್ತ ಮನೆ ಕಾಯುತ್ತಾನೆ. ಮಕ್ಕಳ ಮೇಲೆ ತಪ್ಪು ಹೊರಿಸಲು ನಾವು ಹೊರಟಿಲ್ಲ. ಕರೆದರೂ 'ನನಗೇಕಪ್ಪ ಅದೆಲ್ಲ, ನೀವು ಹೋಗಿಬನ್ನಿ' ಎನ್ನುವುದು ನಮ್ಮ ಹಿರಿಯ ಹೆಂಗಸರ ಬಾಯಿಪಾಠ. ಅದು ವೈರಾಗ್ಯವೆಂದು ನಂಬಿಬಿಡುವ ಮಕ್ಕಳು ಮತ್ತೊಮ್ಮೆ ಕರೆಯುವುದಿಲ್ಲ. ಮೈನಾಕವನ್ನು ಬೇಡವೆಂದುದು ಹನುಮಂತನ ಅವಸರದಿಂದ. ಇವರಿಗೆ ಬೇಡವೆಂದು ಹೇಳಿ ಅಭ್ಯಾಸವಾಗಿರುತ್ತದೆ, ಅಷ್ಟೆ. ಎರಡನೆಯ ಸಲ, ಮೂರನೆಯ ಸಲ ಕರೆದು ನೋಡಬೇಕು.

ಆಕ್ಲೆಂಡಿನಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗತಕ್ಕ ವಾಚಕರಿಗೆ ಒಂದು ಸೂಚನೆಯುಂಟು. ಮದುವೆಯ ರಾತ್ರಿ ಪುರೋಹಿತರು ತೋರಿಸಿದ ಅರುಂಧತಿಯನ್ನು ಅಲ್ಲಿ ಹುಡುಕಬೇಡಿ; ಆ ಅಕ್ಷಾಂಶದಲ್ಲಿ ಆಕೆ ದಿಗಂತದ ಮೇಲಕ್ಕೆ ಬರುವುದೇ ಇಲ್ಲ. ತ್ರಿಶಂಕುವು ಮಾತ್ರ ವರ್ಷದ ಯಾವ ರಾತ್ರಿಯಾದರೂ, ಮೋಡವಿಲ್ಲದಿದ್ದರೆ, ದಕ್ಷಿಣದಲ್ಲಿ ಇದ್ದೇ ಇರುತ್ತಾನೆ. ಅದಕ್ಕೆ ಕಾರು ಬೇಡ, ಟಿಕೆಟ್ಟು ಬೇಡ. ಹಿತ್ತಲಿಗೆ ಬಂದು ನಿಂತರೆ ಸಾಕು. ಬರುವಾಗ ಮನೆಯಾಕೆಯನ್ನು ಕೂಗಿ ಕರೆಯಿರಿ. ಆಕೆ ಒಲೆಯ ಮೇಲೆ ಹಾಲಿದೆಯೆಂದರೆ ಒಳಗೆ ಹೋಗಿ ಅದನ್ನು ನೀವೇ ಇಳಿಸಿ ಬನ್ನಿ.